ಹೊಗೆಸೊಪ್ಪು ಕೊಳ್ಳುವ ಕಂಪನಿಗಳ ಜವಾಬ್ದಾರಿ: ಬೆಳೆಗಾರರು ತಿಳಿದಿರಬೇಕಾದ ವಿಷಯಗಳು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಮಳೆಯಾಶ್ರಯದಲ್ಲಿ ಬೆಳೆಯುವ ವರ್ಜೀನಿಯಾ ತಂಬಾಕು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳ ಮೂಲಕ ಸಿಗರೇಟ್ ಕಂಪನಿಗಳನ್ನೂ ರಫ್ತುದಾರರನ್ನೂ ಸೇರುತ್ತದೆ. ಕೊಳ್ಳುವವರು ಇಂದು ಎಲೆಯ ಬಣ್ಣ ಮತ್ತು ದರ್ಜೆಯನ್ನಷ್ಟೇ ನೋಡುವುದಿಲ್ಲ. ಸೊಪ್ಪು ಮುರಿದವರು ಯಾರು, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ, ಸೌದೆ ಎಲ್ಲಿಂದ ಬಂತು ಎಂಬುದೂ ಅವರಿಗೆ ಬೇಕಾಗಿದೆ. ಈ ಪ್ರಶ್ನೆಗಳಿಗೆ ಕಾರಣವೇನು?

ತತ್ತ್ವಗಳು ಯಾವುವು?

ವಿಶ್ವಸಂಸ್ಥೆಯು 2000ದಲ್ಲಿ ‘ಜಾಗತಿಕ ಒಡಂಬಡಿಕೆ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಮಾನವ ಹಕ್ಕು, ಕಾರ್ಮಿಕರ ಹಿತ, ಪರಿಸರ ರಕ್ಷಣೆ ಮತ್ತು ಭ್ರಷ್ಟಾಚಾರ ತಡೆ ಎಂಬ ನಾಲ್ಕು ವಿಷಯಗಳಿಗೆ ಸೇರಿದ ಹತ್ತು ತತ್ತ್ವಗಳು ಇದರಲ್ಲಿವೆ. ಕಂಪನಿಗಳು ಸ್ವಇಚ್ಛೆಯಿಂದ ಇದಕ್ಕೆ ಸಹಿ ಹಾಕುತ್ತವೆ. ಹೆಸರಾಂತ ಸಿಗರೇಟ್ ಕಂಪನಿಯಾದ ಫಿಲಿಪ್ ಮಾರಿಸ್ ಇಂಟರ್‌ನ್ಯಾಷನಲ್ 2015ರಲ್ಲಿ ಇದನ್ನು ಸೇರಿತು. ಆದರೆ ತಂಬಾಕು ಸೇವನೆಯೇ ಆರೋಗ್ಯಕ್ಕೆ ಹಾನಿಕರವಾದ್ದರಿಂದ, 2017ರಲ್ಲಿ ತಂಬಾಕು ಪದಾರ್ಥ ತಯಾರಿಸುವ ಕಂಪನಿಗಳನ್ನು ಒಡಂಬಡಿಕೆಯಿಂದ ಹೊರಗಿಡಲಾಯಿತು.

ಇದರಿಂದ ಕಂಪನಿಗಳ ಹೊಣೆ ಕಳೆಯಲಿಲ್ಲ. ವಿಶ್ವಸಂಸ್ಥೆಯು 2011ರಲ್ಲಿ ಅನುಮೋದಿಸಿದ ಉದ್ದಿಮೆ ಮತ್ತು ಮಾನವ ಹಕ್ಕುಗಳ ಮಾರ್ಗದರ್ಶಿ ತತ್ತ್ವಗಳು ಎಲ್ಲ ಉದ್ದಿಮೆಗಳಿಗೂ ಅನ್ವಯಿಸುತ್ತವೆ. ಕಾರ್ಖಾನೆಯೊಳಗೆ ಮಾತ್ರವಲ್ಲ, ಕಚ್ಚಾ ಪದಾರ್ಥ ಬರುವ ಹೊಲದಲ್ಲಿ ಆಗುವ ಹಾನಿಯನ್ನೂ ಕಂಪನಿ ಗಮನಿಸಬೇಕೆಂಬುದು ಇವುಗಳ ಆಶಯ. ಹೊಲದಲ್ಲಿ ಪ್ರಶ್ನೆಗಳು ಏಳುವುದು ಇದರಿಂದಲೇ.

ಮಕ್ಕಳು ಮತ್ತು ಕೂಲಿಯಾಳುಗಳು

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 138 ಮತ್ತು 182ನೇ ಒಪ್ಪಂದಗಳನ್ನು ಭಾರತವು 2017ರಲ್ಲಿ ಸ್ಥಿರೀಕರಿಸಿದೆ. 182ನೇ ಒಪ್ಪಂದದ ಪ್ರಕಾರ 18 ವರ್ಷದೊಳಗಿನವರನ್ನು ಅಪಾಯಕರ ಕೆಲಸಕ್ಕೆ ತೊಡಗಿಸಬಾರದು. ಹಸಿ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಔಷಧಿ ಸಿಂಪಡಿಸುವುದು, ಬ್ಯಾರನ್ನಿನ ಮೇಲೆ ಹತ್ತುವುದು ಇವಾವನ್ನೂ ಮಕ್ಕಳಿಂದ ಮಾಡಿಸಬಾರದು. ಮುಂಗಡ ಹಣ ಕೊಟ್ಟು, ಸಾಲ ತೀರುವವರೆಗೂ ಆಳನ್ನು ಬೇರೆಡೆಗೆ ಹೋಗಗೊಡದಿರುವುದು 1976ರ ಜೀತ ಪದ್ಧತಿ ರದ್ದತಿ ಕಾಯಿದೆಯಂತೆ ಅಪರಾಧ.

ಹಸಿ ಸೊಪ್ಪಿನಿಂದ ಬರುವ ಕಾಯಿಲೆ

ಈ ಭಾಗದಲ್ಲಿ ಸೊಪ್ಪು ಮುರಿಯುವ ಕಾಲ ಮಳೆಗಾಲವೇ ಆಗಿದೆ. ನೆನೆದ ಎಲೆಯ ಮೇಲಿನ ನೀರಿನಲ್ಲಿ ನಿಕೋಟಿನ್ ಕರಗಿ ಚರ್ಮದ ಮೂಲಕ ದೇಹವನ್ನು ಸೇರುತ್ತದೆ. ತಲೆಸುತ್ತು, ತಲೆನೋವು, ಓಕರಿಕೆ, ವಾಂತಿ ಇದರ ಲಕ್ಷಣಗಳು. ಮಕ್ಕಳ ದೇಹ ಚಿಕ್ಕದಾದ್ದರಿಂದ ಅವರಿಗೆ ಅಪಾಯ ಹೆಚ್ಚು. ಎಲೆ ಆರಿದ ನಂತರವೇ ಮುರಿಯುವುದು ಒಳಿತು. ಕಾಯಲಾಗದಿದ್ದಲ್ಲಿ ಕೈಗವಸು, ತುಂಬುತೋಳಿನ ಅಂಗಿ ಹಾಗೂ ಪ್ಲಾಸ್ಟಿಕ್ ಹೊದಿಕೆ ಧರಿಸಬೇಕು. ಒದ್ದೆಯಾದ ಬಟ್ಟೆಯನ್ನು ಕೂಡಲೇ ಬದಲಿಸಿ, ಕೆಲಸ ಮುಗಿದೊಡನೆ ಸಾಬೂನಿನಿಂದ ಮೈ ತೊಳೆಯಬೇಕು.

ಸೌದೆ ಮತ್ತು ಕಾಡು

ಒಂದು ಕಿಲೋ ಸೊಪ್ಪು ಹದಗೊಳಿಸಲು ಸುಮಾರು 4ರಿಂದ 5 ಕಿಲೋ ಸೌದೆ ಬೇಕು. ಅಂದರೆ 1,500 ಕಿಲೋ ಸೊಪ್ಪು ಬೇಯಿಸುವ ರೈತನಿಗೆ 6ರಿಂದ 7.5 ಟನ್ ಸೌದೆ ಬೇಕಾಗುತ್ತದೆ. ನಾಗರಹೊಳೆ, ಬಂಡೀಪುರ ಕಾಡುಗಳ ಅಂಚಿನಲ್ಲಿರುವ ಈ ಸೀಮೆಗೆ ಇದು ಸಣ್ಣ ಹೊರೆಯಲ್ಲ. ಬ್ಯಾರನ್ನಿನ ಸೂರಿನಿಂದ ಶಾಖ ಹೊರಹೋಗದಂತೆ ಹೊದಿಕೆ ಹಾಕುವುದು, ಕೊಳವೆ ಮತ್ತು ಬಾಗಿಲುಗಳ ಸಂದು ಮುಚ್ಚುವುದು, ಒಣಗಿದ ಸೌದೆಯನ್ನೇ ಉರಿಸುವುದು, ಕಾಫಿ ಸಿಪ್ಪೆಯಂಥ ತ್ಯಾಜ್ಯವನ್ನು ಉಪಯೋಗಿಸುವುದು ಇವುಗಳಿಂದ ಸೌದೆಯೂ ಖರ್ಚೂ ಉಳಿಯುತ್ತವೆ. ಬದುಗಳಲ್ಲಿ ಸರ್ವೆ, ಹೆಬ್ಬೇವು ಬೆಳೆಸಿಕೊಂಡರೆ ಮುಂದೆ ಸೌದೆಗೆ ಅನ್ಯರನ್ನು ಅವಲಂಬಿಸಬೇಕಾಗುವುದಿಲ್ಲ.

ಖರ್ಚು ಯಾರದು?

ಕೈಗವಸು, ಸೂರಿನ ಹೊದಿಕೆ, ಮಕ್ಕಳ ಬದಲಿಗೆ ಹಿರಿಯಾಳಿನ ಕೂಲಿ ಇವೆಲ್ಲಕ್ಕೂ ಹಣ ಬೇಕು. ಸೊಪ್ಪು ಹರಾಜಿನಲ್ಲಿ ಮಾರಾಟವಾಗುವುದರಿಂದ ರೈತನಿಗೂ ಕಂಪನಿಗೂ ನೇರ ಕರಾರಿಲ್ಲ. ಹೀಗಾಗಿ ವಾಗ್ದಾನ ಕಂಪನಿಯ ವರದಿಯಲ್ಲಿಯೂ ಖರ್ಚು ರೈತನ ಲೆಕ್ಕದಲ್ಲಿಯೂ ಉಳಿಯುವ ಸಂಭವವುಂಟು. ಹಾನಿಗೆ ಸಂಬಂಧಪಟ್ಟ ಕಂಪನಿ ತನ್ನ ಪ್ರಭಾವ ಬಳಸಿ ಅದನ್ನು ತಗ್ಗಿಸಬೇಕೆಂದು 2011ರ ತತ್ತ್ವಗಳೇ ಹೇಳುತ್ತವೆ. ಆದ್ದರಿಂದ ಪ್ರಶ್ನೆ ಕೇಳಲು ಬಂದ ಸಿಬ್ಬಂದಿಯನ್ನು ಬೆಳೆಗಾರರೂ ಕೇಳಬಹುದು: ರಕ್ಷಣಾ ಸಾಮಗ್ರಿ ಒದಗಿಸುವಿರಾ? ಬ್ಯಾರನ್ ದುರಸ್ತಿಗೆ ನೆರವುಂಟೇ? ನಿಯಮ ಪಾಲಿಸಿದ ಸೊಪ್ಪಿಗೆ ಬೆಲೆಯಲ್ಲಿ ಏನು ವ್ಯತ್ಯಾಸ? ಒಬ್ಬೊಬ್ಬರಾಗಿ ಕೇಳುವುದಕ್ಕಿಂತ ಸಂಘದ ಮೂಲಕ, ಬರವಣಿಗೆಯಲ್ಲಿ ಕೇಳುವುದು ಲೇಸು.

ಮುಂದಿನ ದಾರಿ

ಭಾರತವು 2004ರಲ್ಲಿ ಸ್ಥಿರೀಕರಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 17ನೇ ವಿಧಿಯು ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಲು ಸೂಚಿಸುತ್ತದೆ. ಒಂದೇ ಬೆಳೆಯನ್ನು ನಂಬದೆ, ಜಮೀನಿನ ಒಂದು ಭಾಗದಲ್ಲಿ ರಾಗಿ, ದ್ವಿದಳ ಧಾನ್ಯ, ಹಿಪ್ಪುನೇರಳೆ ಅಥವಾ ಮೇವಿನ ಬೆಳೆಯೊಡನೆ ಹೈನುಗಾರಿಕೆಯನ್ನು ಪ್ರಯತ್ನಿಸಿ ನೋಡುವುದು ಸೂಕ್ತ. ತಂಬಾಕು ಬೆಳೆಯುವಷ್ಟು ಕಾಲ ಆಳಿನ ಆರೋಗ್ಯ, ಮಕ್ಕಳ ಓದು ಹಾಗೂ ಊರಿನ ಮರಗಳನ್ನು ಕಾಯ್ದುಕೊಳ್ಳುವುದು ಕಂಪನಿಯ ವರದಿಗಾಗಿ ಅಲ್ಲ, ನಮ್ಮ ಮನೆಯ ಹಿತಕ್ಕಾಗಿ ಎಂಬುದನ್ನು ರೈತ ಬಾಂಧವರು ಮನಗಾಣಬೇಕು.