ಮಿಕ್ಕುಳಿದ ಔಷಧಗಳೂ ನೆರೆಯ ಔಷಧದಂಗಡಿಯೂ

ಔಷಧಕ್ಕೂ ಆಯುಸ್ಸುಂಟೆಂಬ ತಿಳಿವಳಿಕೆ ನಮ್ಮ ದೇಶಕ್ಕೆ ಹೊಸದಲ್ಲ. ಶಾರ್ಙ್ಗಧರ ಸಂಹಿತೆಯ ಪೂರ್ವಖಂಡದಲ್ಲಿ ಇದರ ಲೆಕ್ಕವೇ ಇದೆ. ಸಾಮಾನ್ಯವಾಗಿ ಮೂಲಿಕೆಗಳು ಒಂದು ವರ್ಷ ಕಳೆದರೆ ಗುಣಹೀನವಾಗುವುವು. ಚೂರ್ಣವು ಎರಡು ತಿಂಗಳಲ್ಲಿಯೇ ವೀರ್ಯವನ್ನು ಕಳೆದುಕೊಳ್ಳುವುದು. ಗುಟಿಕೆಗೂ ಲೇಹ್ಯಕ್ಕೂ ಒಂದು ವರ್ಷದ ಅವಧಿ. ಆಸವ, ಧಾತು, ರಸಗಳು ಮಾತ್ರ ಹಳತಾದಷ್ಟೂ ಗುಣವಂತವಾಗುವುವು. ಆದರೆ ವೀರ್ಯ ಕಳೆದ ಔಷಧವನ್ನು ಎಲ್ಲಿ ಚೆಲ್ಲಬೇಕೆಂಬ ಪ್ರಶ್ನೆಯನ್ನು ಗ್ರಂಥಕಾರನು ಅಲ್ಲಿ ಎತ್ತಿಲ್ಲ. ಎತ್ತುವ ಅಗತ್ಯವೂ ಅವನಿಗೆ ತೋರಿರಲಾರದು. ಬೇರುನಾರುಗಳ ಪುಡಿಯನ್ನು ಹಿತ್ತಿಲಿಗೆ ಸುರಿದರೆ ಅದು ಮಣ್ಣಿನಲ್ಲಿ ಮಣ್ಣಾಗುತ್ತಿತ್ತು. ಪಾದರಸದ ಔಷಧಗಳು ಹಾಗೆ ಮಣ್ಣಾಗುವಂಥವಲ್ಲವೆಂಬುದು ನಿಜ. ಆದರೆ ಅವು ಹಳತಾದಷ್ಟೂ ಒಳ್ಳೆಯವೆಂದ ಮೇಲೆ ಚೆಲ್ಲುವವರಾರು?

ನಾನು ಬ್ಯಾಂಕಿನ ಕೆಲಸದವನು, ವೈದ್ಯನಲ್ಲ. ಈ ಪ್ರಶ್ನೆ ನನ್ನನ್ನು ತೊಡರಿಕೊಂಡುದು ನಮ್ಮ ತಾಯಿಯವರು ತೀರಿಕೊಂಡ ಮೇಲೆ. ವೈಕುಂಠ ಸಮಾರಾಧನೆ ಮುಗಿದು, ಊರಿನಿಂದ ಮುಂಬಯಿಗೆ ಬಂದಿದ್ದ ನೆಂಟರೆಲ್ಲ ಹಿಂದಿರುಗಿದ ಬಳಿಕ, ಅವರ ಮಂಚದ ಬಳಿಯಿದ್ದ ಬಿಸ್ಕತ್ತಿನ ಡಬ್ಬಿಯನ್ನು ತೆರೆದು ನೋಡಿದೆ. ರಕ್ತದೊತ್ತಡದ ಮಾತ್ರೆ, ಸಕ್ಕರೆಯ ಮಾತ್ರೆ, ವೈದ್ಯರು ನಡುವೆಯೇ ಬದಲಿಸಿದ ಎರಡು ಬಗೆಯ ಆ್ಯಂಟಿಬಯೋಟಿಕ್, ಅರ್ಧ ಸೀಸೆ ಕೆಮ್ಮಿನ ಔಷಧ, ಇನ್ಸುಲಿನ್ ಸೂಜಿಗಳು, ಕೊನೆಯ ತಿಂಗಳಲ್ಲಿ ನೋವಿಗೆಂದು ಕೊಟ್ಟಿದ್ದ ಮಾರ್ಫಿನ್ ಮಾತ್ರೆಯ ಒಂದೂವರೆ ಪಟ್ಟಿ. ಡಬ್ಬಿಯನ್ನು ಹಿಡಿದುಕೊಂಡು ನಮ್ಮ ಬೀದಿಯ ಔಷಧದಂಗಡಿಗೆ ಹೋದೆ. ಹನ್ನೊಂದು ವರ್ಷ ನಮಗೆ ಔಷಧ ಕೊಟ್ಟ ಅಂಗಡಿ ಅದು. ಅಂಗಡಿಯವರು ಸೌಜನ್ಯದಿಂದಲೇ, "ಕಸಕ್ಕೆ ಹಾಕಿಬಿಡಿ, ಇಲ್ಲವೆ ಪಾಯಖಾನೆಯಲ್ಲಿ ನೀರು ಬಿಡಿ" ಎಂದರು. ಮಾರಾಟದ ಕಿಟಕಿ ಒಂದೇ ದಿಕ್ಕಿಗೆ ತೆರೆಯುವಂಥದೆಂದು ಅಂದು ನನಗೆ ಮನವರಿಕೆಯಾಯಿತು.

ನಮ್ಮ ವೃತ್ತಿಯಲ್ಲಿ ಹೀಗಿಲ್ಲ. ಕೊಳೆಯಾದ ಅಥವಾ ಹರಿದ ನೋಟನ್ನು ಬ್ಯಾಂಕಿನ ಕಿಟಕಿಯಲ್ಲಿ ನಾವು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಅದು ಖಜಾನೆಯ ಪೆಟ್ಟಿಗೆಯ ಮೂಲಕ ರಿಸರ್ವ್ ಬ್ಯಾಂಕನ್ನು ಸೇರುತ್ತದೆ. ಅಲ್ಲಿ ಯಂತ್ರವು ಎಣಿಸಿ, ಪರೀಕ್ಷಿಸಿ, ಚೂರುಚೂರಾಗಿ ಕತ್ತರಿಸಿ, ಇಟ್ಟಿಗೆಯಂತೆ ಒತ್ತಿಬಿಡುತ್ತದೆ. ನೋಟು ಹುಟ್ಟಿದ ದಾರಿಯಲ್ಲಿಯೇ ಹಿಂದಿರುಗಿ ಸಾಯುತ್ತದೆ. ಔಷಧವೂ ಕಾರ್ಖಾನೆಯಿಂದ ಸಗಟು ವ್ಯಾಪಾರಿಗೆ, ಅವನಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಬರುವ ವಸ್ತು. ಅಂಗಡಿಯಲ್ಲಿ ಮಾರಾಟವಾಗದೆ ಅವಧಿ ಮೀರಿದ ಸರಕು ಅದೇ ದಾರಿಯಲ್ಲಿ ತಯಾರಕನಿಗೆ ಹಿಂದಿರುಗುವ ಪದ್ಧತಿಯೂ ಇದೆ. ದಾರಿ ಕಡಿದುಹೋಗಿರುವುದು ಅಂಗಡಿಗೂ ಮನೆಗೂ ನಡುವಿನ ಆ ನೂರು ಗಜದಲ್ಲಿ ಮಾತ್ರ.

ಇಷ್ಟಕ್ಕೂ ಕಸಕ್ಕೆ ಹಾಕಿದರೇನು ಎಂದು ವಾಚಕರು ಕೇಳಬಹುದು. ಅವಧಿ ಮೀರಿದ ಔಷಧವು ಸತ್ತ ಔಷಧವೆಂಬ ಭಾವನೆ ಜನರಲ್ಲಿ ಬಲವಾಗಿದೆ. ಇದು ಸರಿಯಲ್ಲ. ಪಟ್ಟಿಯ ಮೇಲೆ ಅಚ್ಚಾದ ದಿನಾಂಕವು ತಯಾರಕನ ಹೊಣೆಗಾರಿಕೆಯ ಕಡೆಯ ದಿನ. ಅಲ್ಲಿಯವರೆಗೆ ಗುಣಕ್ಕೂ ಪ್ರಮಾಣಕ್ಕೂ ತಾನು ಜವಾಬುದಾರನೆಂದು ಅವನು ಒಪ್ಪಿರುತ್ತಾನೆ. ಮರುದಿನ ಬೆಳಗ್ಗೆ ಅದರೊಳಗಿನ ಅಣುಗಳು ಮಾಯವಾಗುವುದಿಲ್ಲ. ಅಮೆರಿಕದ ಸೈನ್ಯದ ದಾಸ್ತಾನಿಗಾಗಿ ೧೯೮೬ರಲ್ಲಿ ಆರಂಭವಾದ ಪರೀಕ್ಷೆಗಳಲ್ಲಿ, ಸರಿಯಾಗಿ ಶೇಖರಿಸಿದ್ದ ಅನೇಕ ಔಷಧಗಳು ದಿನಾಂಕ ಮೀರಿ ವರ್ಷಗಳಾದರೂ ಸತ್ವವನ್ನು ಉಳಿಸಿಕೊಂಡಿದ್ದುವು. ಅವಧಿ ಮೀರಿದುದನ್ನು ಸೇವಿಸಬಹುದೆಂದು ಇದರ ಅರ್ಥವಲ್ಲ; ನಮ್ಮ ಮನೆಗಳ ಸೆಕೆಯಲ್ಲಿ, ಅಡುಗೆಮನೆಯ ಕಪಾಟಿನಲ್ಲಿಟ್ಟ ಮಾತ್ರೆಯ ಸ್ಥಿತಿ ಸೈನ್ಯದ ಉಗ್ರಾಣದ್ದಲ್ಲ. ರೋಗಿಗೆ ನಂಬಲರ್ಹವಲ್ಲದ ಔಷಧವು ನೆಲಕ್ಕೂ ನೀರಿಗೂ ಇನ್ನೂ ಔಷಧವಾಗಿಯೇ ಇರುತ್ತದೆಂಬುದಷ್ಟೇ ಇಲ್ಲಿ ಪ್ರಸ್ತುತ.

ನೀರಿನಲ್ಲಿ ಅದು ಏನು ಮಾಡಬಲ್ಲುದು? ಕೆನಡಾದ ವಿಜ್ಞಾನಿಗಳು ೨೦೦೧ರಿಂದ ೨೦೦೩ರವರೆಗೆ ಒಂದು ಸಣ್ಣ ಸರೋವರಕ್ಕೆ, ಸಂತಾನನಿರೋಧದ ಗುಳಿಗೆಯಲ್ಲಿರುವ ಕೃತಕ ಈಸ್ಟ್ರೋಜನ್ನನ್ನು ಲೀಟರಿಗೆ ಐದಾರು ನ್ಯಾನೊಗ್ರಾಂ ಬೀಳುವಂತೆ ಸೇರಿಸಿ ನೋಡಿದರು. ನ್ಯಾನೊಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಗಂಡುಮೀನುಗಳಲ್ಲಿ ಹೆಣ್ಣಿನ ಲಕ್ಷಣಗಳು ಕಾಣಿಸಿಕೊಂಡುವು. ಒಂದು ಜಾತಿಯ ಸಣ್ಣ ಮೀನು ಆ ಸರೋವರದಲ್ಲಿ ನಿರ್ನಾಮದ ಅಂಚಿಗೆ ಬಂದಿತು. ನಮ್ಮ ದೇಶದ ಉದಾಹರಣೆ ಬೇಕಾದರೆ ರಣಹದ್ದುಗಳ ಕಥೆಯಿದೆ. ದನಗಳಿಗೆ ನೋವುನಿವಾರಕವಾಗಿ ಕೊಟ್ಟ ಡೈಕ್ಲೊಫೆನಾಕ್ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿತೆಂಬುದು ೨೦೦೪ರಲ್ಲಿ ಪ್ರಕಟವಾಯಿತು. ೨೦೦೬ರಲ್ಲಿ ಪಶುವೈದ್ಯದಲ್ಲಿ ಅದರ ಬಳಕೆಯನ್ನು ಸರ್ಕಾರವು ನಿಷೇಧಿಸಿತು. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ಕೊಳೆನೀರನ್ನು ಶುದ್ಧೀಕರಿಸುವ ಘಟಕದಿಂದ ಹೊರಬಿದ್ದ ನೀರಿನಲ್ಲಿ ಲೀಟರಿಗೆ ೩೧ ಮಿಲಿಗ್ರಾಮಿನವರೆಗೆ ಸಿಪ್ರೊಫ್ಲಾಕ್ಸಸಿನ್ ಇದ್ದಿತೆಂದು ೨೦೦೭ರ ವರದಿಯೊಂದು ತಿಳಿಸಿತು. ಆ ಔಷಧವನ್ನು ಸೇವಿಸುತ್ತಿರುವ ರೋಗಿಯ ರಕ್ತದಲ್ಲಿಯೂ ಅಷ್ಟು ಪ್ರಮಾಣವಿರುವುದಿಲ್ಲ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಈ ಉದಾಹರಣೆಗಳಲ್ಲಿ ಒಂದೂ ಮನೆಯ ಕಸದ ಬುಟ್ಟಿಯಿಂದ ಬಂದುದಲ್ಲ. ನೀರಿಗೆ ಸೇರುವ ಔಷಧದ ಹೆಚ್ಚಿನ ಭಾಗ ಕಾರ್ಖಾನೆಗಳಿಂದ, ಮತ್ತು ನಾವು ಸೇವಿಸಿ ಮೂತ್ರದಲ್ಲಿ ವಿಸರ್ಜಿಸುವುದರಿಂದ ಬರುತ್ತದೆ. ಡಬ್ಬಿಯ ಔಷಧವನ್ನು ಹಿಂದಿರುಗಿಸಿದ ಮಾತ್ರಕ್ಕೆ ನದಿಗಳು ಶುದ್ಧವಾಗುವುವೆಂದು ಯಾರಾದರೂ ಹೇಳಿದರೆ ನಂಬಬಾರದು. ಆದರೂ ವಿಸರ್ಜನೆಯನ್ನು ತಡೆಯಲಾಗದು, ಚೆಲ್ಲುವುದನ್ನು ತಡೆಯಬಹುದು. ಕೊಳಚೆ ನೀರಿನ ಘಟಕಗಳನ್ನು ಇಂಥ ಅಣುಗಳನ್ನು ಹಿಡಿಯಲೆಂದು ಕಟ್ಟಿಲ್ಲ.

ನನ್ನ ದೃಷ್ಟಿಯಲ್ಲಿ ಹೆಚ್ಚು ಹತ್ತಿರದ ಅಪಾಯ ನೀರಿನದಲ್ಲ, ಮನುಷ್ಯರದು. ಮುಂಬಯಿಯ ದೇವನಾರಿನ ಕಸದ ಗುಡ್ಡೆಗೆ ೧೯೨೭ರಿಂದ ನಗರದ ಕಸ ಬಿದ್ದಿದೆ. ಅಂಥ ಗುಡ್ಡೆಗಳಲ್ಲಿ ಕೈಯಿಂದಲೇ ಕಸವನ್ನು ಬಗೆದು ಜೀವಿಸುವ ಹೆಂಗಸರೂ ಮಕ್ಕಳೂ ಇದ್ದಾರೆ. ಒಡೆಯದ ಪಟ್ಟಿ, ತುಂಬಿದ ಸೀಸೆ ಅವರ ಕೈಗೆ ಸಿಕ್ಕಿದರೆ ಅದಕ್ಕೆ ಬೆಲೆಯುಂಟು. ಅದನ್ನು ಕೊಂಡು ಹೊಸ ಹಣೆಪಟ್ಟಿ ಅಂಟಿಸುವವರೂ ಉಂಟು. ಮನೆಯೊಳಗಿನ ಅಪಾಯವೂ ಕಡಿಮೆಯದಲ್ಲ. ನಮ್ಮ ಅಂಗಡಿಗಳಲ್ಲಿ ಹತ್ತು ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ನಾಲ್ಕೋ ಆರೋ ಕೊಡುವ ರೂಢಿಯಿದೆ. ಬಡವರಿಗೆ ಇದು ಉಪಕಾರ. ಆದರೆ ಹೆಸರೂ ದಿನಾಂಕವೂ ಪಟ್ಟಿಯ ಇನ್ನೊಂದು ತುಂಡಿನಲ್ಲಿ ಉಳಿದುಬಿಡುತ್ತವೆ. ಮನೆಗೆ ಬಂದ ತುಂಡು ಅನಾಮಧೇಯ. ಆರು ತಿಂಗಳ ಮೇಲೆ ಅಜ್ಜಿ ಅದನ್ನು ಬಣ್ಣ ನೋಡಿ ಗುರುತಿಸುತ್ತಾರೆ, ಮೊಮ್ಮಗು ಪೆಪ್ಪರಮಿಂಟೆಂದು ಗುರುತಿಸುತ್ತದೆ.

ಹಾಗಾದರೆ ಅಂಗಡಿಯವನು ಏಕೆ ಹಿಂದಕ್ಕೆ ಕೊಳ್ಳುವುದಿಲ್ಲ? ಇದರಲ್ಲಿ ಕೇವಲ ಉದಾಸೀನವನ್ನು ಕಂಡರೆ ಅನ್ಯಾಯವಾದೀತು. ೧೯೪೫ರ ಔಷಧ ನಿಯಮಗಳಲ್ಲಿ ೬೫ನೆಯ ನಿಯಮದ ಪ್ರಕಾರ, ಅವಧಿ ಮೀರಿದ ಔಷಧವನ್ನು ಪರವಾನಗಿದಾರನು ಮಾರಕೂಡದು, ದಾಸ್ತಾನಿಡಲೂ ಕೂಡದು. ತಯಾರಕನಿಗೆ ಹಿಂದಿರುಗಿಸಲು ಕ್ರಮ ಕೈಗೊಂಡಿದ್ದರೆ ಮಾತ್ರ, ಮಾರಾಟಕ್ಕಲ್ಲವೆಂದು ಎದ್ದು ಕಾಣುವಂತೆ ಬರೆದ ಪ್ರತ್ಯೇಕ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದು. ಇದು ಅವನ ಸ್ವಂತ ದಾಸ್ತಾನಿಗೆ ಹೊಂದುವ ವಿನಾಯಿತಿ. ನನ್ನ ಡಬ್ಬಿಯಲ್ಲಿ ಹತ್ತು ತಯಾರಕರ ಮಾಲಿದೆ, ಬಿಲ್ಲಿಲ್ಲ, ಕೆಲವಕ್ಕೆ ಹೆಸರೇ ಇಲ್ಲ. ಅವನು ಯಾರಿಗೆ ಹಿಂದಿರುಗಿಸಬೇಕು? ತಪಾಸಣೆಯ ಅಧಿಕಾರಿ ಬಂದಾಗ ಏನೆಂದು ಲೆಕ್ಕ ಕೊಡಬೇಕು? ಮಾರ್ಫಿನ್ನಿನ ಮಾತಂತೂ ೧೯೮೫ರ ಮಾದಕವಸ್ತುಗಳ ಕಾನೂನಿಗೆ ಸೇರಿದ್ದು. ಲೆಕ್ಕದ ಪುಸ್ತಕದಲ್ಲಿ ಜಮೆಯ ಅಂಕಣವಿಲ್ಲದ ವಸ್ತುವನ್ನು ಸ್ವೀಕರಿಸಲು ಯಾವ ಗುಮಾಸ್ತನೂ ಹಿಂಜರಿಯುವುದು ಸಹಜ.

ಆದಕಾರಣ ಇದು ಅಂಗಡಿಯವನ ದಾಕ್ಷಿಣ್ಯದಿಂದ ನಡೆಯತಕ್ಕ ಕೆಲಸವಲ್ಲ, ವ್ಯವಸ್ಥೆಯಿಂದ ನಡೆಯತಕ್ಕದ್ದು. ಫ್ರಾನ್ಸ್ ದೇಶದಲ್ಲಿ ೧೯೯೩ರಲ್ಲಿ ಸಿಕ್ಲಾಮೆಡ್ ಎಂಬ ಸಂಸ್ಥೆ ಸ್ಥಾಪಿತವಾಯಿತು. ಔಷಧ ತಯಾರಕರು ಅದರ ವೆಚ್ಚವನ್ನು ಭರಿಸುತ್ತಾರೆ. ಜನರು ಮಿಕ್ಕುದನ್ನು ಅಂಗಡಿಗೆ ತಂದುಕೊಡುತ್ತಾರೆ. ಅಂಗಡಿಯವರು ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬುತ್ತಾರೆ. ಹೊಸ ಔಷಧ ತಂದ ಸಗಟು ವ್ಯಾಪಾರಿಯ ಬಂಡಿಯೇ ತುಂಬಿದ ಪೆಟ್ಟಿಗೆಗಳನ್ನು ಹೊತ್ತು ಹಿಂದಿರುಗುತ್ತದೆ. ಕೊನೆಗೆ ಅವನ್ನು ಕುಲುಮೆಯಲ್ಲಿ ಸುಟ್ಟು ಶಾಖವನ್ನು ಉಪಯೋಗಿಸಿಕೊಳ್ಳುತ್ತಾರೆ. ೨೦೦೭ರ ಕಾನೂನು, ಉಚಿತವಾಗಿ ಹಿಂದಕ್ಕೆ ತೆಗೆದುಕೊಳ್ಳುವುದನ್ನು ಅಂಗಡಿಗಳಿಗೆ ಕಡ್ಡಾಯ ಮಾಡಿತು. ಆಸ್ಟ್ರೇಲಿಯದಲ್ಲಿ ೧೯೯೮ರಿಂದ ನಡೆದಿರುವ ವ್ಯವಸ್ಥೆಗೆ ಹಣ ಕೇಂದ್ರ ಸರ್ಕಾರದ್ದು. ಅಮೆರಿಕದಲ್ಲಿ ಕಥೆ ಬೇರೆ. ಅಲ್ಲಿ ನೋವುನಿವಾರಕಗಳ ದುರ್ವ್ಯಸನವೇ ಪ್ರೇರಣೆ. ೨೦೧೦ರಲ್ಲಿ ಪೊಲೀಸರ ಮೂಲಕ ಸಂಗ್ರಹದ ದಿನಗಳನ್ನು ಆರಂಭಿಸಿ, ೨೦೧೪ರಲ್ಲಿ ಔಷಧದಂಗಡಿಗಳೂ ನೋಂದಾಯಿಸಿಕೊಂಡು ಬೀಗದ ಪೆಟ್ಟಿಗೆ ಇಡಬಹುದೆಂದು ನಿಯಮ ಮಾಡಿದರು.

ಫ್ರಾನ್ಸಿನಲ್ಲಿ ಮೊದಮೊದಲು ಹಾಗೆ ಬಂದ ಔಷಧಗಳಲ್ಲಿ ಒಳ್ಳೆಯವನ್ನು ಆರಿಸಿ ಬಡದೇಶಗಳಿಗೆ ಕಳುಹಿಸುತ್ತಿದ್ದರು. ೨೦೦೮ರ ಅಂತ್ಯಕ್ಕೆ ಅದನ್ನು ನಿಲ್ಲಿಸಿದರು. ನಮ್ಮ ಸಂಘಸಂಸ್ಥೆಗಳ ಹಿತೈಷಿಗಳಲ್ಲಿ ಕೆಲವರಿಗೆ ಇದು ರುಚಿಸದು. ಮಿಕ್ಕ ಔಷಧವನ್ನು ಬಡವರಿಗೆ ಹಂಚುವುದು ಪುಣ್ಯವಲ್ಲವೇ ಎಂದು ನನ್ನನ್ನೇ ಕೇಳಿದವರಿದ್ದಾರೆ. ೧೯೯೨ರಿಂದ ೧೯೯೬ರ ನಡುವೆ ಯುದ್ಧಪೀಡಿತ ಬೋಸ್ನಿಯಕ್ಕೆ ದಾನವಾಗಿ ಹರಿದುಬಂದ ಔಷಧಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿರುಪಯುಕ್ತವಾಗಿದ್ದುವೆಂದೂ, ಹೀಗೆ ಗುಡ್ಡೆಬಿದ್ದುದು ಸುಮಾರು ೧೭,೦೦೦ ಟನ್ನೆಂದೂ ಅಂದಾಜು ಮಾಡಲಾಯಿತು. ಯುದ್ಧದಲ್ಲಿ ನೊಂದ ಜನ ದಾನದ ಕಸವನ್ನು ಸುಡುವ ಹೊರೆಯನ್ನೂ ಹೊರಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ ೧೯೯೯ರಲ್ಲಿ ಈ ವಿಲೇವಾರಿಗಾಗಿಯೇ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಯಾರ ಕಪಾಟಿನಲ್ಲಿ ಎಷ್ಟು ಸೆಕೆಗೆ ಸಿಕ್ಕಿದೆಯೆಂದು ತಿಳಿಯದ ಇನ್ಸುಲಿನ್ನನ್ನು ನಮ್ಮ ಮಕ್ಕಳಿಗೆ ಚುಚ್ಚಲು ಒಪ್ಪೆವಾದರೆ ಬಡವನ ಮಗುವಿಗೂ ಒಪ್ಪಬಾರದು.

ನಮ್ಮ ದೇಶದಲ್ಲಿ ಏನೂ ಆಗಿಲ್ಲವೆನ್ನಲಾಗದು. ೨೦೧೬ರ ಘನತ್ಯಾಜ್ಯ ನಿಯಮಗಳು ಮನೆಯಲ್ಲಿ ಅವಧಿ ಮೀರಿದ ಔಷಧವನ್ನು ಬಣ್ಣದ ಡಬ್ಬ, ಬ್ಯಾಟರಿ, ಒಡೆದ ಉಷ್ಣಮಾಪಕಗಳ ಜೊತೆಗೆ ಗೃಹಜನ್ಯ ಅಪಾಯಕಾರಿ ತ್ಯಾಜ್ಯವೆಂದು ಹೆಸರಿಸಿದುವು. ಅದೇ ವರ್ಷದ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಆಸ್ಪತ್ರೆಯ ಹಳೆಯ ಔಷಧಗಳಿಗೆ ಹಳದಿ ಚೀಲವನ್ನು ಗೊತ್ತುಮಾಡಿ, ಕ್ಯಾನ್ಸರಿನ ವಿಷೌಷಧಗಳನ್ನು ೧೨೦೦ ಡಿಗ್ರಿಗೂ ಮೀರಿದ ಶಾಖದಲ್ಲಿ ಸುಡಬೇಕೆಂದು ವಿಧಿಸಿದರು. ಕೇರಳದವರು ಇನ್ನೂ ಮುಂದೆ ಹೋದರು. ಅಲ್ಲಿನ ಔಷಧ ನಿಯಂತ್ರಣ ಇಲಾಖೆ ಮೊದಲು ತಿರುವನಂತಪುರದಲ್ಲಿ ಔಷಧ ವ್ಯಾಪಾರಿಗಳೊಡನೆ ಕೂಡಿ ಪ್ರಯೋಗ ನಡೆಸಿ, ೨೦೨೫ರಲ್ಲಿ ಕೋಳಿಕ್ಕೋಡಿನಲ್ಲಿ 'ಎನ್‌ಪ್ರೌಡ್' ಎಂಬ ಯೋಜನೆಯನ್ನು ಆರಂಭಿಸಿತು. ನೀಲಿ ಪೆಟ್ಟಿಗೆಗಳಲ್ಲಿಯೂ ಮನೆಗಳಿಂದಲೂ ಸಂಗ್ರಹಿಸಿ, ಶಾಸ್ತ್ರೋಕ್ತ ಕುಲುಮೆಗೆ ಕಳುಹಿಸುವುದು ಅದರ ಕ್ರಮ. ಅದೇ ವರ್ಷ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯೂ ಮಾರ್ಗಸೂಚಿಯನ್ನು ಹೊರಡಿಸಿ, ರಾಜ್ಯಗಳ ಇಲಾಖೆಗಳೂ ಔಷಧ ವ್ಯಾಪಾರಿಗಳ ಸಂಘಗಳೂ ಜೊತೆಗೂಡಿ ಸಂಗ್ರಹಕೇಂದ್ರಗಳನ್ನು ತೆರೆಯಬಹುದೆಂದು ಸೂಚಿಸಿತು. ಸೂಚನೆ ಕಾನೂನಲ್ಲ, ವೆಚ್ಚ ಯಾರದೆಂಬುದನ್ನು ಸ್ಪಷ್ಟಪಡಿಸದ ಸೂಚನೆ ಬಹುಕಾಲ ಕಾಗದದಲ್ಲಿಯೇ ಉಳಿಯುವುದನ್ನು ನಾನು ನನ್ನ ಕಚೇರಿಯಲ್ಲಿಯೂ ಕಂಡಿದ್ದೇನೆ. ಫ್ರಾನ್ಸಿನವರಂತೆ ತಯಾರಕರಿಂದ ವೆಚ್ಚವನ್ನು ಪಡೆಯುವುದೇ ಸರಿಯೆಂದು ನನ್ನ ಮತ.

ಆ ಮಾರ್ಗಸೂಚಿಯಲ್ಲಿ ಒಂದು ವಿಚಿತ್ರ ತೋರಬಹುದಾದ ಅಪವಾದವಿದೆ. ಫೆಂಟನಿಲ್, ಟ್ರಮಡಾಲ್, ಡಯಾಜೆಪಾಮ್ ಮುಂತಾದ ೧೭ ಔಷಧಗಳನ್ನು ಮಾತ್ರ ಪಾಯಖಾನೆಯಲ್ಲಿ ನೀರು ಬಿಟ್ಟು ತೊಲಗಿಸಬೇಕೆಂದು ಅದು ಹೇಳುತ್ತದೆ. ಇಂಥವನ್ನು ಅರಿಯದೆ ನುಂಗಿದ ಮಗುವಿಗೆ ಒಂದೇ ಮಾತ್ರೆಯೂ ಮಾರಕವಾದೀತು. ಆ ಕ್ಷಣದ ಅಪಾಯದ ಮುಂದೆ ನೀರಿನ ಅಪಾಯ ಚಿಕ್ಕದೆಂಬುದು ಅದರ ತರ್ಕ. ನಮ್ಮ ಮನೆಯ ಮಾರ್ಫಿನ್ ಹೀಗೆಯೇ ಹೋಯಿತು.

ಉಳಿದವಕ್ಕೆ, ನೆರೆಯಲ್ಲಿ ಸಂಗ್ರಹದ ಪೆಟ್ಟಿಗೆ ಬರುವವರೆಗೆ, ಅಮೆರಿಕದ ಔಷಧ ಇಲಾಖೆ ಹೇಳುವ ಉಪಾಯವೇ ಸಾಕು. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ, ಪುಡಿಮಾಡದೆ, ತಿನ್ನಲು ಅಸಹ್ಯವಾಗುವ ಯಾವುದಾದರೊಂದು ವಸ್ತುವಿನೊಡನೆ ಬೆರೆಸಿ, ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕುವುದು. ಬಳಸಿದ ಕಾಫಿಯ ಗಸಿಯನ್ನು ಅವರು ಹೆಸರಿಸುತ್ತಾರೆ; ಫಿಲ್ಟರಿನ ಗಸಿ ಕನ್ನಡಿಗರ ಮನೆಗಳಲ್ಲಿ ದಿನವೂ ಸಿಗುತ್ತದೆ. ಸೀಸೆಯ ಮೇಲಣ ರೋಗಿಯ ಹೆಸರನ್ನು ಅಳಿಸಬೇಕು. ಸೂಜಿಗಳನ್ನು ಚುಚ್ಚಿಕೊಳ್ಳದಂಥ ಗಟ್ಟಿ ಡಬ್ಬಿಯಲ್ಲಿ ಮುಚ್ಚಿ, ಮೇಲೆ ಬರೆದು, ಕಸ ಒಯ್ಯುವವರ ಕೈಗೇ ಕೊಡಬೇಕು. ಉಬ್ಬಸದವರ ಇನ್‌ಹೇಲರನ್ನು ಚುಚ್ಚಲೂ ಕೂಡದು, ಬೆಂಕಿಗೆ ಎಸೆಯಲೂ ಕೂಡದು. ಒಳಗಿನ ಅನಿಲದ ಒತ್ತಡದಿಂದ ಅದು ಸಿಡಿಯುತ್ತದೆ. ಅಂಗಡಿಯಲ್ಲಿ ಪಟ್ಟಿಯನ್ನು ಕತ್ತರಿಸಿ ಕೊಟ್ಟರೆ ದಿನಾಂಕವಿರುವ ತುಂಡನ್ನೇ ಕೇಳಿ ಪಡೆಯಬಹುದು; ಅದು ಆಗದಿದ್ದಲ್ಲಿ ಬಿಲ್ಲನ್ನು ಮಾತ್ರೆಯ ಜೊತೆಗೇ ಇಡುವುದು ಲೇಸು, ಏಕೆಂದರೆ ಅದರಲ್ಲಿ ಸಾಮಾನ್ಯವಾಗಿ ಔಷಧದ ಹೆಸರೂ ಅವಧಿಯೂ ನಮೂದಾಗಿರುತ್ತವೆ.