ಹಳೆಯ ಗಣಕಯಂತ್ರವನ್ನು ಕ್ಲೌಡ್‌ಗೆ ವರ್ಗಾಯಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಹಳೆಯ ಗಣಕಯಂತ್ರವನ್ನು ಕ್ಲೌಡ್‌ಗೆ ವರ್ಗಾಯಿಸುವ ದರಪಟ್ಟಿಯು ಸಾಮಾನ್ಯ ಸಭೆಯ ಮುಂದೆ ಬಂದಾಗ, ಮಾನ್ಯ ಸದಸ್ಯರು ಮೊತ್ತವನ್ನಷ್ಟೇ ನೋಡದೆ ಕಾರ್ಯದ ಸ್ವರೂಪವನ್ನೂ ಅರಿತಿರುವುದು ಅವಶ್ಯ. ನೀರಿನ ಕರದ ಹಲವು ವರ್ಷಗಳ ಲೆಕ್ಕವು ಒಂದೇ ಯಂತ್ರದಲ್ಲಿದ್ದು, ಅದರ ತಂತ್ರಾಂಶವು ಹೊಸ ಯಂತ್ರಗಳಲ್ಲಿ ನಡೆಯದಿರುವ ಸಂದರ್ಭದಲ್ಲಿ ಈ ಮಾರ್ಗವನ್ನು ಆಯ್ದುಕೊಳ್ಳುವುದುಂಟು.

ಹಳೆಯ ಹಾರ್ಡ್ ಡಿಸ್ಕ್‌ನಲ್ಲಿರುವ ವಿಂಡೋಸ್ ಅಥವಾ ಲಿನಕ್ಸ್, ತಂತ್ರಾಂಶ, ಲೆಕ್ಕ ಎಲ್ಲವನ್ನೂ ಒಂದೇ ಕಡತವಾಗಿ ಪ್ರತಿ ತೆಗೆಯಲಾಗುತ್ತದೆ. ಇದೇ ಇಮೇಜ್. ಅದನ್ನು ಕ್ಲೌಡ್ ಸಂಸ್ಥೆಯ ಸಂಗ್ರಹಾಗಾರಕ್ಕೆ ಕಳುಹಿಸಿ, ಅದರಿಂದ ಅಲ್ಲಿ ವರ್ಚುವಲ್ ಯಂತ್ರವೊಂದನ್ನು ಚಾಲನೆಗೊಳಿಸಲಾಗುತ್ತದೆ. ಅಮೆಜಾನ್‌ನ ಎಡಬ್ಲ್ಯುಎಸ್ ಸೇವೆಯು ಒವಿಎ, ವಿಎಂಡಿಕೆ, ವಿಎಚ್‌ಡಿ ಮೊದಲಾದ ನಮೂನೆಗಳನ್ನು ಸ್ವೀಕರಿಸುತ್ತದೆ. ಮೈಕ್ರೋಸಾಫ್ಟ್‌ನ ಅಜೂರ್‌ಗೆ ನಿಶ್ಚಿತ ಗಾತ್ರದ ವಿಎಚ್‌ಡಿಯೇ ಆಗಬೇಕು. 40 ಜಿಬಿಯ ಕಡತವನ್ನು ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಕಳುಹಿಸಲು ಸುಮಾರು 9 ಗಂಟೆ ಹಿಡಿಯುತ್ತದೆ. ನಡುವೆ ವಿದ್ಯುತ್ ಹೋದರೆ ಎಷ್ಟಾದೀತೆಂಬುದನ್ನು ಸದಸ್ಯರಿಗೆ ವಿವರಿಸಬೇಕಾಗಿಲ್ಲ.

ಕಡತ ತಲುಪಿದ ಮಾತ್ರಕ್ಕೆ ಯಂತ್ರ ನಡೆಯುತ್ತದೆಂದು ಭಾವಿಸಲಾಗದು. ಕ್ಲೌಡ್‌ನ ಸಾಧನಗಳಿಗೆ ತಕ್ಕ ಡ್ರೈವರ್‌ಗಳನ್ನು ಮೊದಲೇ ಅಳವಡಿಸಿರದಿದ್ದರೆ, ಹಳೆಯ ವ್ಯವಸ್ಥೆಗೆ ತನ್ನ ಡಿಸ್ಕೇ ಕಾಣಿಸದೆ ಅದು ಆರಂಭದಲ್ಲಿಯೇ ನಿಂತುಬಿಡಬಹುದು. ಕಚೇರಿಯ ಜಾಲಕ್ಕೆಂದು ನಿಗದಿಪಡಿಸಿದ ಐಪಿ ವಿಳಾಸ ಹಾಗೆಯೇ ಉಳಿದಿದ್ದರೆ ಯಂತ್ರ ಆರಂಭವಾದರೂ ಸಂಪರ್ಕ ದೊರೆಯದು. ವಿಂಡೋಸ್ ಯಂತ್ರವಾದಲ್ಲಿ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯವನ್ನು ಇಮೇಜ್ ತೆಗೆಯುವ ಮುನ್ನವೇ ತೆರೆದಿರಿಸಬೇಕು. ದೂರದ ಯಂತ್ರದ ಮುಂದೆ ಹೋಗಿ ಕೂರುವ ಅವಕಾಶ ಯಾರಿಗೂ ಇಲ್ಲ.

ಇದಕ್ಕಿಂತ ಗಂಭೀರವಾದುದು ದಿನಾಂಕದ ಪ್ರಶ್ನೆ. ಇಮೇಜ್ ತೆಗೆದ ಬಳಿಕ ಹಳೆಯ ಯಂತ್ರದಲ್ಲಿ ಹಾಕಿದ ರಸೀದಿಗಳು ಹೊಸದರಲ್ಲಿ ಇರುವುದಿಲ್ಲ. ಕರ ಪಾವತಿಸಿದ ಮನೆಗೇ ಬಾಕಿಯ ನೋಟಿಸ್ ಹೋಗುವುದು ಹೀಗೆ. ಆದ್ದರಿಂದ ಇಮೇಜ್ ತೆಗೆಯುವ ದಿನದಿಂದ ಹಳೆಯ ಯಂತ್ರದಲ್ಲಿ ನಮೂದು ನಿಲ್ಲಿಸಿ, ಕೈಬರಹದ ರಸೀದಿಗಳನ್ನು ನೀಡಿ, ಅವುಗಳನ್ನು ಅನಂತರ ಹೊಸ ಯಂತ್ರದಲ್ಲಿ ದಾಖಲಿಸತಕ್ಕದ್ದು. ಪ್ರತಿ ವಾರ್ಡಿನ ಬೇಡಿಕೆ, ವಸೂಲಿ, ಬಾಕಿಯ ಪಟ್ಟಿಯನ್ನು ಎರಡೂ ಯಂತ್ರಗಳಿಂದ ಮುದ್ರಿಸಿ, ಈ ರಸೀದಿಗಳನ್ನು ಗಣನೆಗೆ ತೆಗೆದುಕೊಂಡು ತಾಳೆ ನೋಡುವವರೆಗೆ ಹಳೆಯ ಯಂತ್ರವನ್ನು ವಿಲೇವಾರಿ ಮಾಡತಕ್ಕದ್ದಲ್ಲ. ಈ ಕೆಲಸಕ್ಕೆ ತಂತ್ರಜ್ಞರೇ ಬೇಕಿಲ್ಲ. ತಮ್ಮ ವಾರ್ಡಿನ ಮನೆಗಳನ್ನು ಬಲ್ಲ ಸದಸ್ಯರೇ ಹೆಚ್ಚು ಸಮರ್ಥರು.

ಕ್ಲೌಡ್ ಖಾತೆಯು ಯಾರ ಹೆಸರಿನಲ್ಲಿರುತ್ತದೆ ಎಂಬುದನ್ನು ದರಪಟ್ಟಿಯಲ್ಲಿ ಕೇಳಿ ಪಡೆಯಬೇಕು. ಗುತ್ತಿಗೆದಾರನ ಸ್ವಂತ ಖಾತೆಯಲ್ಲಿದ್ದರೆ, ಆತನ ಕರಾರು ಮುಗಿದ ದಿನ ಪಂಚಾಯಿತಿಯ ಲೆಕ್ಕವೂ ಕೈತಪ್ಪಬಹುದು. ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು ಮೇಘರಾಜ್ ಉಪಕ್ರಮದಡಿ ಕ್ಲೌಡ್ ಸಂಸ್ಥೆಗಳ ಪಟ್ಟಿಯನ್ನು ಸಿದ್ಧಪಡಿಸಿದೆ. ಸೂಚಿಸಿದ ಸಂಸ್ಥೆ ಅದರಲ್ಲಿದೆಯೇ ಎಂಬುದನ್ನೂ ಪರಿಶೀಲಿಸಬೇಕು.

ಇನ್ನು ಮಾಸಿಕ ಬಿಲ್ಲು. ಯಂತ್ರವನ್ನು ನಿಲ್ಲಿಸಿದ್ದರೂ ಅದರ ಡಿಸ್ಕ್‌ನ ಬಾಡಿಗೆ ನಿಲ್ಲುವುದಿಲ್ಲ. ವರ್ಗಾವಣೆಗೆಂದು ಕಳುಹಿಸಿದ ಇಮೇಜ್ ಕಡತವು ಸಂಗ್ರಹಾಗಾರದಲ್ಲಿಯೇ ಉಳಿದರೆ ಅದಕ್ಕೂ ಪ್ರತ್ಯೇಕ ಶುಲ್ಕ ಬೀಳುತ್ತದೆ. ಅದರಲ್ಲಿ ಗ್ರಾಮಸ್ಥರ ಹೆಸರು, ದೂರವಾಣಿ ಸಂಖ್ಯೆ, ಯಂತ್ರದಲ್ಲಿ ಉಳಿದಿದ್ದ ಪಾಸ್‌ವರ್ಡ್‌ಗಳೂ ಇರಬಹುದು. ತಾಳೆ ಮುಗಿದೊಡನೆ ಆ ಕಡತವನ್ನು ಅಳಿಸಿ, ಅಳಿಸಿದ ದಿನಾಂಕವನ್ನು ಸಭೆಯ ನಡವಳಿಯಲ್ಲಿ ದಾಖಲಿಸತಕ್ಕದ್ದು.