ರಾಸಾಯನಿಕ ಪೂರೈಕೆದಾರರ ಮಾಹಿತಿ ನೀಡಿಕೆಯ ಹೊಣೆ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಗ್ರಾಮ ಪಂಚಾಯಿತಿಯನ್ನು ರಾಸಾಯನಿಕಗಳನ್ನು ಬಳಸುವ ಸಂಸ್ಥೆಯೆಂದು ಸಾಮಾನ್ಯವಾಗಿ ಯಾರೂ ಭಾವಿಸುವುದಿಲ್ಲ. ಆದರೆ ದಾಸ್ತಾನು ವಹಿಯನ್ನು ತೆರೆದು ನೋಡಿದರೆ ಚಿತ್ರ ಬೇರೆಯೇ ಆಗಿರುತ್ತದೆ. ಕುಡಿಯುವ ನೀರಿಗೆ ಬ್ಲೀಚಿಂಗ್ ಪೌಡರ್, ಶೌಚಾಲಯಗಳಿಗೆ ಆಸಿಡ್ ಮತ್ತು ಫಿನಾಯಿಲ್, ಸೊಳ್ಳೆ ನಿಯಂತ್ರಣಕ್ಕೆ ಫಾಗಿಂಗ್ ದ್ರಾವಣ, ಕಳೆ ತೆಗೆಯಲು ಕಳೆನಾಶಕ ಇವೆಲ್ಲವೂ ವರ್ಷವಿಡೀ ಖರೀದಿಯಾಗುವ ಸಾಮಗ್ರಿಗಳು. ಇವುಗಳನ್ನು ಕೈಯಾರೆ ಬಳಸುವವರು ನೀರುಗಂಟಿಗಳು, ಸ್ವಚ್ಛತಾಗಾರರು ಹಾಗೂ ದಿನಗೂಲಿ ಕಾರ್ಮಿಕರು. ಚೀಲದೊಳಗೆ ಇರುವ ವಸ್ತು ಯಾವುದು, ಅದರಿಂದ ಏನು ಅಪಾಯ, ಅಪಾಯವಾದಾಗ ಮೊದಲು ಏನು ಮಾಡಬೇಕು ಎಂಬುದು ಅವರಿಗೆ ತಿಳಿದಿರಬೇಕು. ಈ ತಿಳಿವಳಿಕೆಯನ್ನು ಒದಗಿಸುವ ಹೊಣೆ ತಯಾರಕರಿಂದ ಮೊದಲ್ಗೊಂಡು ಪಂಚಾಯಿತಿಯವರೆಗೆ ಹೇಗೆ ಹಂಚಿಕೆಯಾಗಿದೆ ಎಂಬುದನ್ನು ಈ ಲೇಖನವು ವಿವರಿಸುತ್ತದೆ.

ಕಾನೂನಿನ ಹಿನ್ನೆಲೆ

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಅನಿಲ ಸೋರಿ ಸಾವಿರಾರು ಮಂದಿ ಮೃತಪಟ್ಟರು. ಕಾರ್ಖಾನೆಯ ಗೋಡೆಯಾಚೆ ವಾಸಿಸುತ್ತಿದ್ದವರಿಗೆ ಒಳಗೆ ಏನನ್ನು ಸಂಗ್ರಹಿಸಲಾಗಿದೆ ಎಂಬುದು ತಿಳಿದಿರಲಿಲ್ಲ. ಆಸ್ಪತ್ರೆಗೆ ಬಂದವರಿಗೆ ಯಾವ ವಿಷಕ್ಕೆ ಚಿಕಿತ್ಸೆ ನೀಡಬೇಕು ಎಂಬ ಖಚಿತ ಮಾಹಿತಿ ವೈದ್ಯರಿಗೂ ಸಕಾಲದಲ್ಲಿ ದೊರೆಯಲಿಲ್ಲ. ಅಪಾಯಕಾರಿ ವಸ್ತುವಿನ ಮಾಹಿತಿಯು ಕಂಪನಿಯ ಖಾಸಗಿ ಸ್ವತ್ತಾಗಿ ಉಳಿಯಬಾರದು ಎಂಬ ತತ್ತ್ವವು ನಮ್ಮ ಕಾನೂನಿನಲ್ಲಿ ಗಟ್ಟಿಯಾಗಿ ನೆಲೆಗೊಂಡದ್ದು ಈ ದುರಂತದ ನಂತರ. 1986ರಲ್ಲಿ ಪರಿಸರ (ಸಂರಕ್ಷಣೆ) ಕಾಯ್ದೆ ಜಾರಿಗೆ ಬಂದಿತು. 1987ರಲ್ಲಿ ಕಾರ್ಖಾನೆಗಳ ಕಾಯ್ದೆ, 1948ಕ್ಕೆ ಅಪಾಯಕಾರಿ ಪ್ರಕ್ರಿಯೆಗಳನ್ನು ಕುರಿತ ಹೊಸ ಅಧ್ಯಾಯವನ್ನು ಸೇರಿಸಲಾಯಿತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹಣೆ ಮತ್ತು ಆಮದು ನಿಯಮಗಳು ಬಂದವು.

ಲೇಬಲ್ ಮತ್ತು ಸುರಕ್ಷತಾ ಮಾಹಿತಿ ಪತ್ರ

1989ರ ನಿಯಮಗಳ 17ನೇ ನಿಯಮವು ಎರಡು ಮುಖ್ಯ ಹೊಣೆಗಳನ್ನು ವಿಧಿಸುತ್ತದೆ. ಮೊದಲನೆಯದು, ಅಪಾಯಕಾರಿ ರಾಸಾಯನಿಕವನ್ನು ನಿರ್ವಹಿಸುವ ಉದ್ಯಮದ ಅಧಿಭೋಗದಾರನು 9ನೇ ಅನುಸೂಚಿಯ ನಮೂನೆಯಲ್ಲಿ ಸುರಕ್ಷತಾ ಮಾಹಿತಿ ಪತ್ರವನ್ನು ಪಡೆದಿರಬೇಕು ಅಥವಾ ಸಿದ್ಧಪಡಿಸಿರಬೇಕು. ಕೇಳಿದವರ ಪರಿಶೀಲನೆಗೆ ಅದು ಲಭ್ಯವಿರಬೇಕು. ಅಪಾಯದ ಬಗ್ಗೆ ಮಹತ್ವದ ಹೊಸ ಮಾಹಿತಿ ತಿಳಿದುಬಂದಾಗ ಅದನ್ನು ಪತ್ರಕ್ಕೆ ಸೇರಿಸಬೇಕು. ಎರಡನೆಯದು, ಪ್ರತಿಯೊಂದು ಧಾರಕದ ಮೇಲೆ ಒಳಗಿರುವ ವಸ್ತುವಿನ ಗುರುತು, ತಯಾರಕ ಅಥವಾ ಆಮದುದಾರನ ಹೆಸರು ಮತ್ತು ವಿಳಾಸ ಹಾಗೂ ವಸ್ತುವಿನ ಭೌತಿಕ, ರಾಸಾಯನಿಕ ಮತ್ತು ವಿಷತ್ವದ ವಿವರಗಳು ಸ್ಪಷ್ಟವಾಗಿ ನಮೂದಾಗಿರಬೇಕು. ಧಾರಕವು ಚಿಕ್ಕದಾಗಿದ್ದು ಲೇಬಲ್ ಅಂಟಿಸಲು ಸಾಧ್ಯವಾಗದಿದ್ದಲ್ಲಿ ಚೀಟಿ ಕಟ್ಟಿ ಅಥವಾ ಜೊತೆಯಲ್ಲಿ ದಾಖಲೆ ನೀಡಿ ಈ ಕರ್ತವ್ಯವನ್ನು ಪೂರೈಸಬೇಕು.

ಸುರಕ್ಷತಾ ಮಾಹಿತಿ ಪತ್ರವನ್ನು ವ್ಯಾಪಾರಿಗಳು ‘ಎಂ.ಎಸ್.ಡಿ.ಎಸ್.’ ಅಥವಾ ‘ಎಸ್.ಡಿ.ಎಸ್.’ ಎಂದು ಕರೆಯುತ್ತಾರೆ. ರಾಸಾಯನಿಕದ ಗುರುತು, ಬೆಂಕಿ ಮತ್ತು ಸ್ಫೋಟದ ಅಪಾಯ, ಯಾವ ವಸ್ತುವಿನೊಡನೆ ಬೆರೆತರೆ ಪ್ರತಿಕ್ರಿಯೆಯಾಗುತ್ತದೆ ಎಂಬ ವಿವರ, ಆರೋಗ್ಯದ ಅಪಾಯ, ಮುನ್ನೆಚ್ಚರಿಕೆ, ತುರ್ತು ಕ್ರಮ ಮತ್ತು ಪ್ರಥಮ ಚಿಕಿತ್ಸೆ, ತಯಾರಕ ಅಥವಾ ಪೂರೈಕೆದಾರನ ವಿವರ ಇವು ಅದರಲ್ಲಿ ಇರತಕ್ಕದ್ದು. ಸದಸ್ಯರು ಪತ್ರವನ್ನು ಪೂರ್ತಿ ಓದಬೇಕಾಗಿಲ್ಲ. ಪ್ರತಿಕ್ರಿಯೆ, ಆರೋಗ್ಯದ ಅಪಾಯ ಮತ್ತು ಪ್ರಥಮ ಚಿಕಿತ್ಸೆ ಎಂಬ ಮೂರು ಭಾಗಗಳನ್ನು ಓದಿಸಿ ಕೇಳಿದರೂ ಕಾರ್ಮಿಕರಿಗೆ ಏನನ್ನು ಹೇಳಬೇಕು ಎಂಬುದು ಸ್ಪಷ್ಟವಾಗುತ್ತದೆ.

ಬ್ಲೀಚಿಂಗ್ ಪೌಡರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದು ಆಸಿಡ್‌ನೊಡನೆ ಬೆರೆತರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದುದರಿಂದ ನೆಲಮಟ್ಟದಲ್ಲಿ, ಸಂಪು ಮತ್ತು ತಗ್ಗುಗಳಲ್ಲಿ ನಿಲ್ಲುತ್ತದೆ. ಉಸಿರಾಡಿದವರ ಶ್ವಾಸಕೋಶಕ್ಕೆ ಹಾನಿಯಾಗುತ್ತದೆ. ಶೌಚಾಲಯಕ್ಕೆ ಆಸಿಡ್ ಹಾಕಿ, ಅದನ್ನು ತೊಳೆಯುವ ಮೊದಲೇ ಬ್ಲೀಚಿಂಗ್ ಪೌಡರ್ ಎರಚುವ ಅಭ್ಯಾಸವು ಈ ಕಾರಣದಿಂದಲೇ ಅತ್ಯಂತ ಅಪಾಯಕರ. ಡೀಸೆಲ್, ಸೀಮೆಎಣ್ಣೆಯಂತಹ ವಸ್ತುಗಳೊಡನೆ ಸೇರಿದರೆ ಬೆಂಕಿ ಹೊತ್ತಿಕೊಳ್ಳುವ ಸಂಭವವೂ ಇದೆ. ಪಂಪ್‌ಹೌಸಿನ ಒಂದೇ ಮೂಲೆಯಲ್ಲಿ ಪೌಡರಿನ ಚೀಲ, ಆಸಿಡ್ ಕ್ಯಾನ್ ಹಾಗೂ ಡೀಸೆಲ್ ಡಬ್ಬ ಇಡುವುದು ಅನುಕೂಲವೆನಿಸಬಹುದು. ಸುರಕ್ಷತಾ ಮಾಹಿತಿ ಪತ್ರವನ್ನು ಓದಿದವರು ಹಾಗೆ ಇಡಲಾರರು. ತೇವ ಮತ್ತು ಬಿಸಿಲಿಗೆ ಒಡ್ಡಿದ ಪೌಡರ್ ಕ್ಲೋರಿನ್ ಅಂಶವನ್ನು ಕಳೆದುಕೊಳ್ಳುತ್ತದೆ. ಅಂತಹ ಪೌಡರಿನಿಂದ ನೀರು ಶುದ್ಧವಾಗುವುದೂ ಇಲ್ಲ. ಹಾಗಾಗಿ ಈ ಮಾಹಿತಿಯು ಕಾರ್ಮಿಕರ ಸುರಕ್ಷತೆಗೆ ಬೇಕಾದಷ್ಟೇ ಗ್ರಾಮಸ್ಥರ ಆರೋಗ್ಯಕ್ಕೂ ಬೇಕು.

ಕೀಟನಾಶಕಗಳಿಗೆ ಪ್ರತ್ಯೇಕ ಕಾನೂನು

ಫಾಗಿಂಗ್ ದ್ರಾವಣ, ಲಾರ್ವಾನಾಶಕ ಮತ್ತು ಕಳೆನಾಶಕಗಳಿಗೆ ಕೀಟನಾಶಕಗಳ ಕಾಯ್ದೆ, 1968 ಹಾಗೂ ಕೀಟನಾಶಕಗಳ ನಿಯಮಗಳು, 1971 ಅನ್ವಯಿಸುತ್ತವೆ. ಇಲ್ಲಿ ಮಾಹಿತಿ ನೀಡಿಕೆಯ ಕರ್ತವ್ಯವು ಇನ್ನಷ್ಟು ನಿಖರವಾಗಿದೆ. ಪ್ರತಿ ಪೊಟ್ಟಣದೊಳಗೆ ಒಂದು ಕರಪತ್ರ ಇರಲೇಬೇಕು. ವಿಷಬಾಧೆಯ ಲಕ್ಷಣಗಳು, ಸುರಕ್ಷತಾ ಕ್ರಮಗಳು, ಪ್ರಥಮ ಚಿಕಿತ್ಸೆ, ಪ್ರತಿವಿಷ ಹಾಗೂ ಖಾಲಿ ಡಬ್ಬದ ವಿಲೇವಾರಿ ಕ್ರಮ ಅದರಲ್ಲಿ ಇರಬೇಕು. ಕರಪತ್ರ ಮತ್ತು ಲೇಬಲ್‌ಗಳು ಹಿಂದಿ ಹಾಗೂ ಇಂಗ್ಲಿಷ್ ಜೊತೆಗೆ ಮಾರಾಟದ ಪ್ರದೇಶದಲ್ಲಿ ಬಳಕೆಯಲ್ಲಿರುವ ಒಂದು ಅಥವಾ ಎರಡು ಪ್ರಾದೇಶಿಕ ಭಾಷೆಗಳಲ್ಲಿಯೂ ಮುದ್ರಿತವಾಗಿರಬೇಕು. ಅಂದರೆ ಕನ್ನಡದ ಮಾಹಿತಿಯನ್ನು ಕೇಳುವುದು ನಿಯಮವೇ ಕೊಟ್ಟಿರುವ ಹಕ್ಕು, ವ್ಯಾಪಾರಿಯ ಉಪಕಾರವಲ್ಲ.

ಲೇಬಲ್ ಮೇಲೆ ವಜ್ರಾಕೃತಿಯಲ್ಲಿ ನಿಲ್ಲಿಸಿದ ಒಂದು ಚೌಕವಿರುತ್ತದೆ. ಅದರ ಕೆಳಭಾಗದ ಬಣ್ಣವು ವಿಷದ ತೀವ್ರತೆಯನ್ನು ತಿಳಿಸುತ್ತದೆ. ಕೆಂಪು ಎಂದರೆ ಅತಿ ತೀವ್ರ ವಿಷ, ಹಳದಿ ಎಂದರೆ ತೀವ್ರ ವಿಷ, ನೀಲಿ ಎಂದರೆ ಮಧ್ಯಮ ವಿಷ, ಹಸಿರು ಎಂದರೆ ಅಲ್ಪ ವಿಷ. ಕೆಂಪು ವರ್ಗಕ್ಕೆ ತಲೆಬುರುಡೆ ಮತ್ತು ಎರಡು ಮೂಳೆಗಳ ಚಿಹ್ನೆಯೂ ಇರುತ್ತದೆ. ಹಸಿರು ಬಣ್ಣವನ್ನು ಕಂಡು ‘ಇದು ಬೆಳೆಗೆ ಒಳ್ಳೆಯದು, ಮನುಷ್ಯರಿಗೆ ಏನೂ ಆಗದು’ ಎಂದು ತಿಳಿಯುವವರು ಹಳ್ಳಿಗಳಲ್ಲಿ ಇದ್ದಾರೆ. ಈ ತಪ್ಪು ತಿಳಿವಳಿಕೆಯನ್ನು ಗ್ರಾಮ ಸಭೆಯಲ್ಲಿಯೇ ನಿವಾರಿಸುವುದು ಒಳಿತು. ಬಣ್ಣವು ಒಮ್ಮೆಗೇ ದೇಹ ಸೇರಿದಾಗಿನ ವಿಷತ್ವವನ್ನು ಸೂಚಿಸುತ್ತದೆಯೇ ಹೊರತು ವರ್ಷಗಟ್ಟಲೆ ಬಳಸುವವರಿಗೆ ಆಗಬಹುದಾದ ತೊಂದರೆಯನ್ನಲ್ಲ.

ಅಗತ್ಯವಾದ ಎಚ್ಚರಿಕೆಗಳಿಲ್ಲದ ಲೇಬಲ್ ಹೊಂದಿದ ಕೀಟನಾಶಕದ ಮಾರಾಟವು ಕಾಯ್ದೆಯಡಿ ಅಪರಾಧ. ಅಂತಹ ಸರಕು ಕಂಡುಬಂದಲ್ಲಿ ಕೃಷಿ ಇಲಾಖೆಯ ಕೀಟನಾಶಕ ಪರಿವೀಕ್ಷಕರಿಗೆ ಲಿಖಿತವಾಗಿ ತಿಳಿಸಬೇಕು.

ಸ್ಥಳೀಯ ಪ್ರಾಧಿಕಾರವಾಗಿ ಪಂಚಾಯಿತಿಯ ಸ್ಥಾನ

ಕಾರ್ಖಾನೆಗಳ ಕಾಯ್ದೆಗೆ 1987ರಲ್ಲಿ ಸೇರಿದ 41ಬಿ ಪ್ರಕರಣದಂತೆ, ಅಪಾಯಕಾರಿ ಪ್ರಕ್ರಿಯೆ ನಡೆಸುವ ಕಾರ್ಖಾನೆಯ ಅಧಿಭೋಗದಾರನು ಅಪಾಯಗಳನ್ನೂ ಅವುಗಳನ್ನು ನಿವಾರಿಸುವ ಕ್ರಮಗಳನ್ನೂ ಕಾರ್ಮಿಕರಿಗೆ, ಮುಖ್ಯ ನಿರೀಕ್ಷಕರಿಗೆ, ಕಾರ್ಖಾನೆಯು ಯಾರ ವ್ಯಾಪ್ತಿಯಲ್ಲಿದೆಯೋ ಆ ಸ್ಥಳೀಯ ಪ್ರಾಧಿಕಾರಕ್ಕೆ ಮತ್ತು ಸುತ್ತಲಿನ ಸಾರ್ವಜನಿಕರಿಗೆ ಬಹಿರಂಗಪಡಿಸಬೇಕಾಗಿತ್ತು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020ರಲ್ಲಿಯೂ ಈ ಕರ್ತವ್ಯವನ್ನು ಉಳಿಸಿಕೊಳ್ಳಲಾಗಿದೆ. ಗ್ರಾಮೀಣ ಪ್ರದೇಶದಲ್ಲಿ ಸ್ಥಳೀಯ ಪ್ರಾಧಿಕಾರವೆಂದರೆ ಗ್ರಾಮ ಪಂಚಾಯಿತಿಯೇ. ಆದುದರಿಂದ ತನ್ನ ವ್ಯಾಪ್ತಿಯ ಅಂತಹ ಕಾರ್ಖಾನೆಯಿಂದ ಮಾಹಿತಿ ಕೇಳುವುದು ಉದ್ಯಮಕ್ಕೆ ಅಡ್ಡಿಪಡಿಸಿದಂತೆ ಎಂಬ ಸಂಕೋಚಕ್ಕೆ ಆಧಾರವಿಲ್ಲ.

ಭಾರಿ ಅಪಘಾತದ ಸಂಭವವಿರುವ ಸ್ಥಳಗಳ ಸುತ್ತ ವಾಸಿಸುವವರಿಗೆ ಅಪಾಯದ ಸ್ವರೂಪ ಮತ್ತು ಮಾಡಬೇಕಾದ, ಮಾಡಬಾರದ ಕ್ರಮಗಳನ್ನು ತಿಳಿಸುವುದು 1989ರ ನಿಯಮಗಳಂತೆ ಅಧಿಭೋಗದಾರನ ಕರ್ತವ್ಯ. ರಾಸಾಯನಿಕ ಅಪಘಾತಗಳ ನಿಯಮಗಳು, 1996ರ ಪ್ರಕಾರ ರಚನೆಯಾಗುವ ಸ್ಥಳೀಯ ಬಿಕ್ಕಟ್ಟು ನಿರ್ವಹಣಾ ಗುಂಪಿನಲ್ಲಿ ಗ್ರಾಮದ ಮುಖಂಡರಿಗೂ ಸ್ಥಾನವಿದೆ.

ಕಾನೂನಿನ ಅಂತರ ಎಲ್ಲಿದೆ

ಇಲ್ಲಿ ಒಂದು ಅಂಶವನ್ನು ಸ್ಪಷ್ಟವಾಗಿ ಅರಿಯಬೇಕು. ಮೇಲಿನ ನಿಯಮಗಳು ಮುಖ್ಯವಾಗಿ ತಯಾರಕ, ಆಮದುದಾರ ಮತ್ತು ಕಾರ್ಖಾನೆಯನ್ನು ಬಂಧಿಸುತ್ತವೆ. ಪಂಚಾಯಿತಿಯ ಪಂಪ್‌ಹೌಸ್ ಕಾರ್ಖಾನೆಯಲ್ಲ. ತಯಾರಕನು ಸಿದ್ಧಪಡಿಸಿದ ಪತ್ರವು ಸಗಟು ವ್ಯಾಪಾರಿ, ಚಿಲ್ಲರೆ ವ್ಯಾಪಾರಿ, ಗುತ್ತಿಗೆದಾರ ಎಂಬ ಮೂರು ಕೈ ದಾಟಿ ಬರುವಷ್ಟರಲ್ಲಿ ಎಲ್ಲಿಯೋ ಉಳಿದುಬಿಡುತ್ತದೆ. ದೊಡ್ಡ ಚೀಲವನ್ನು ಬಿಚ್ಚಿ ಸಣ್ಣ ಪೊಟ್ಟಣ ಮಾಡಿದಾಗ ಲೇಬಲ್ ಕಳೆದುಹೋಗುತ್ತದೆ. ಹೀಗೆ ಮಾಹಿತಿ ಕಡಿದುಹೋಗುವ ಕೊನೆಯ ಕೊಂಡಿಯಲ್ಲಿ ಅದನ್ನು ಮತ್ತೆ ಬೆಸೆಯಬಲ್ಲ ಸಾಧನವೆಂದರೆ ಪಂಚಾಯಿತಿಯ ಪೂರೈಕೆ ಆದೇಶ. ಆದೇಶದಲ್ಲಿ ಷರತ್ತು ಬರೆದರೆ ಅದು ಪೂರೈಕೆದಾರನ ಕರಾರುಬದ್ಧ ಹೊಣೆಯಾಗುತ್ತದೆ. ಬರೆಯದಿದ್ದರೆ ಅಗ್ಗದ ದರವೊಂದೇ ಮಾನದಂಡವಾಗಿ ಉಳಿಯುತ್ತದೆ.

ಪಂಚಾಯಿತಿಗಳು ಕೈಗೊಳ್ಳಬೇಕಾದ ಕ್ರಮಗಳು

1. ದರಪಟ್ಟಿ ಆಹ್ವಾನಿಸುವಾಗಲೂ ಪೂರೈಕೆ ಆದೇಶ ನೀಡುವಾಗಲೂ ಈ ಷರತ್ತನ್ನು ಸೇರಿಸುವುದು: “ಪ್ರತಿ ರಾಸಾಯನಿಕದೊಂದಿಗೆ ತಯಾರಕರ ಸುರಕ್ಷತಾ ಮಾಹಿತಿ ಪತ್ರವನ್ನು ನೀಡತಕ್ಕದ್ದು. ತಯಾರಕರ ಮೂಲ ಲೇಬಲ್ ಇಲ್ಲದ, ಬಿಚ್ಚಿ ಮರುಪೊಟ್ಟಣ ಮಾಡಿದ ಅಥವಾ ಬಳಕೆ ಅವಧಿ ಮೀರಿದ ಸಾಮಗ್ರಿಯನ್ನು ಸ್ವೀಕರಿಸಲಾಗುವುದಿಲ್ಲ.”

2. ಸಾಮಗ್ರಿ ಬಂದಾಗ ತೂಕ ಮತ್ತು ಸಂಖ್ಯೆಯ ಜೊತೆಗೆ ತಯಾರಿಕೆಯ ದಿನಾಂಕ, ಬ್ಯಾಚ್ ಸಂಖ್ಯೆ ಹಾಗೂ ಮಾಹಿತಿ ಪತ್ರ ಬಂದಿದೆಯೇ ಎಂಬುದನ್ನು ದಾಸ್ತಾನು ವಹಿಯಲ್ಲಿ ನಮೂದಿಸುವುದು. ಪತ್ರ ಬಾರದಿದ್ದಲ್ಲಿ ಬಿಲ್ಲು ಪಾವತಿಗೆ ಮೊದಲು ಅದನ್ನು ಕೇಳಿ ಪಡೆಯುವುದು.

3. ಪತ್ರದ ಒಂದು ಪ್ರತಿಯನ್ನು ಕಚೇರಿಯಲ್ಲಿಯೂ ಇನ್ನೊಂದನ್ನು ದಾಸ್ತಾನು ಇರುವ ಸ್ಥಳದಲ್ಲಿಯೂ ಇಡುವುದು. ಅದರ ಸಾರಾಂಶವನ್ನು ಅರ್ಧ ಪುಟಕ್ಕೆ ಮೀರದಂತೆ ಸರಳ ಕನ್ನಡದಲ್ಲಿ ಬರೆಸಿ ಗೋಡೆಗೆ ಅಂಟಿಸುವುದು.

4. ಓದಲು ಬಾರದ ಕಾರ್ಮಿಕರಿಗೆ ಅದನ್ನು ಓದಿ ಹೇಳಿ, ಹೇಳಿದ ದಿನಾಂಕವನ್ನು ದಾಖಲಿಸುವುದು. ಕೈಗವಸು, ಕನ್ನಡಕ ಮತ್ತು ಮುಖಗವಸುಗಳನ್ನು ಪತ್ರದಲ್ಲಿ ಸೂಚಿಸಿದ ಬಗೆಯಲ್ಲೇ ಖರೀದಿಸುವುದು. ಸಾಮಾನ್ಯ ಬಟ್ಟೆಯ ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ.

5. ಬ್ಲೀಚಿಂಗ್ ಪೌಡರ್, ಆಸಿಡ್ ಮತ್ತು ಇಂಧನವನ್ನು ಬೇರೆ ಬೇರೆ ಸ್ಥಳಗಳಲ್ಲಿ ಸಂಗ್ರಹಿಸುವುದು. ಯಾವುದೇ ರಾಸಾಯನಿಕವನ್ನು ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ಸುರಿದು ಇಡದಂತೆ ಕಟ್ಟುನಿಟ್ಟಾಗಿ ಸೂಚಿಸುವುದು.

6. ಕೆಲಸವನ್ನು ಹೊರಗುತ್ತಿಗೆಗೆ ನೀಡಿದಾಗ ಇದೇ ಷರತ್ತುಗಳನ್ನು ಗುತ್ತಿಗೆ ಕರಾರಿನಲ್ಲಿಯೂ ಸೇರಿಸುವುದು.

ಅಪಘಾತವಾದಾಗ

ರಾಸಾಯನಿಕ ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆಯಬೇಕು. ಅನಿಲ ಸೇವಿಸಿದವರನ್ನು ಗಾಳಿ ಬೀಸಿ ಬರುವ ದಿಕ್ಕಿಗೆ, ಎತ್ತರದ ತೆರೆದ ಸ್ಥಳಕ್ಕೆ ಸಾಗಿಸಬೇಕು. ಬ್ಲೀಚಿಂಗ್ ದ್ರಾವಣ ಅಥವಾ ಆಸಿಡ್ ನುಂಗಿದವರಿಗೆ ವಾಂತಿ ಮಾಡಿಸಬಾರದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕಳುಹಿಸುವಾಗ ಡಬ್ಬದ ಲೇಬಲ್, ಕರಪತ್ರ ಅಥವಾ ಮಾಹಿತಿ ಪತ್ರವನ್ನು ಜೊತೆಯಲ್ಲಿ ಕಳುಹಿಸಬೇಕು. ಮ್ಯಾಲಾಥಿಯಾನ್‌ನಂತಹ ಕೀಟನಾಶಕದ ವಿಷಬಾಧೆಗೆ ಅಟ್ರೋಪಿನ್ ಪ್ರತಿವಿಷವಾಗಿದ್ದು, ಎಲ್ಲ ವಿಷಗಳಿಗೂ ಅದೇ ಚಿಕಿತ್ಸೆಯಲ್ಲ. ಯಾವ ವಸ್ತು ಎಂಬುದು ತಿಳಿದ ವೈದ್ಯರು ಹುಡುಕಾಟದಲ್ಲಿ ಕಳೆಯುವ ಸಮಯವನ್ನು ಚಿಕಿತ್ಸೆಗೆ ಬಳಸಬಲ್ಲರು. ವಿಷಬಾಧೆಯ ಸಲಹೆಗಾಗಿ ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ ಸಂಖ್ಯೆ 1800 116 117.

ಸದಸ್ಯರು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಮೇಲಿನ ಷರತ್ತನ್ನು ನಿರ್ಣಯವಾಗಿ ಅಂಗೀಕರಿಸುವುದು ಸೂಕ್ತ. ಸಭೆಗೆ ಮೊದಲು ತಮ್ಮ ವಾರ್ಡಿನ ಪಂಪ್‌ಹೌಸ್ ಅಥವಾ ದಾಸ್ತಾನು ಕೊಠಡಿಗೆ ಒಮ್ಮೆ ಭೇಟಿ ನೀಡಿ, ಅಲ್ಲಿರುವ ಪ್ರತಿ ಚೀಲ ಮತ್ತು ಕ್ಯಾನಿನ ಲೇಬಲನ್ನು ಓದಿ, ಓದಲಾಗದ ಅಥವಾ ಲೇಬಲ್ಲೇ ಇಲ್ಲದ ಧಾರಕಗಳ ಪಟ್ಟಿಯನ್ನು ಸಭೆಗೆ ತಂದರೆ ಚರ್ಚೆಯು ಆ ಪಟ್ಟಿಯಿಂದಲೇ ಆರಂಭವಾಗಬಹುದು.